ಕ್ಲೌಡ್ ಬಿಲ್ ಹಿಡಿತಕ್ಕೆ ತರೋಕೆ ಹೊರಗಿನ ಟೂಲ್ ಬೇಕಾ? ಎರಡೂ ಕಡೆ ಬಳಸಿದವನ ಮಾತು

ಬೆಂಗಳೂರಿನ ಯಾವುದಾದರೂ ಸ್ಟಾರ್ಟಪ್‌ನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದರೆ ಈ ಮೆಸೇಜ್ ನಿಮಗೆ ಬಂದೇ ಬಂದಿರುತ್ತದೆ: ನಿಮ್ಮ ಕ್ಲೌಡ್ ಬಿಲ್ ಅರ್ಧಕ್ಕೆ ಇಳಿಸಿ ಕೊಡುತ್ತೇವೆ, ಒಂದು ಹದಿನೈದು ನಿಮಿಷ ಟೈಮ್ ಕೊಡಿ. ಕೊಡುವ ಮುಂಚೆ ಇದನ್ನು ಓದಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಎಲ್ಲಿ ಹೋಯಿತು ಅನ್ನೋದನ್ನು ಕ್ಲೌಡ್ ಕಂಪನಿಗಳ, ಅಂದರೆ ಸರ್ವರ್ ಬಾಡಿಗೆಗೆ ಕೊಡುವವರ, ಸ್ವಂತ ಟೂಲ್‌ಗಳೇ ಚೆನ್ನಾಗಿ ತೋರಿಸುತ್ತವೆ. ಯಾರು ಖರ್ಚು ಮಾಡಿದರು ಅನ್ನೋದಕ್ಕೆ ಬಂದಾಗ ಅವು ತಡವರಿಸುತ್ತವೆ. ಹೊರಗಿನವರಿಗೆ ದುಡ್ಡು ಕೊಡುವುದಾದರೆ ಆ ಎರಡನೇ ಪ್ರಶ್ನೆಗೆ ಕೊಡಿ, ಮೊದಲನೆಯದಕ್ಕೆ ಬೇಡ.

ನಾನು ಜಾಸ್ತಿ ಬಳಸಿದ್ದು ಎಡಬ್ಲ್ಯೂಎಸ್, ಅಂದರೆ ಅಮೆಜಾನ್‌ನ ಕ್ಲೌಡ್. ಹಾಗಾಗಿ ಮಾತೂ ಅದರ ಸುತ್ತಲೇ.

ಅದರಲ್ಲಿ ಖರ್ಚು ತೋರಿಸುವ ಪುಟ ಕಾಸ್ಟ್ ಎಕ್ಸ್‌ಪ್ಲೋರರ್‌ನಿಂದ ಶುರು ಮಾಡೋಣ. ಬ್ರೌಸರ್‌ನಲ್ಲಿ ನೋಡೋದಕ್ಕೆ ಉಚಿತ. ತೆರೆದ ತಕ್ಷಣ ಸರ್ವಿಸ್ ಲೆಕ್ಕದಲ್ಲಿ ಬಣ್ಣಬಣ್ಣದ ಪಟ್ಟಿಗಳು ಬರುತ್ತವೆ. ಅದರಲ್ಲಿ 'ಇಸಿ2-ಅದರ್' ಅಂತ ಒಂದು ಸಾಲು ಇರುತ್ತದೆ (ಇಸಿ2 ಅಂದರೆ ಬಾಡಿಗೆ ಸರ್ವರ್), ಮತ್ತು ಬಹಳಷ್ಟು ಅಕೌಂಟ್‌ಗಳಲ್ಲಿ ಅದು ಮೇಲಿನ ಮೂರು ನಾಲ್ಕರಲ್ಲೇ ಕೂತಿರುತ್ತದೆ. ಏನಪ್ಪಾ ಈ 'ಅದರ್' ಅಂತ ಯಾರಿಗೂ ಗೊತ್ತಿರೋದಿಲ್ಲ. ಬಲಗಡೆ 'ಗ್ರೂಪ್ ಬೈ' ಅನ್ನುವಲ್ಲಿ ಸರ್ವಿಸ್ ಬದಲು 'ಯೂಸೇಜ್ ಟೈಪ್' ಹಾಕಿ, 'ಇಸಿ2-ಅದರ್' ಮಾತ್ರ ಫಿಲ್ಟರ್ ಮಾಡಿ ನೋಡಿ. ಡಿಸ್ಕ್, ಸ್ನಾಪ್‌ಶಾಟ್, ಒಂದು ಝೋನ್‌ನಿಂದ (ಡೇಟಾ ಸೆಂಟರ್ ಗುಂಪಿನಿಂದ) ಇನ್ನೊಂದಕ್ಕೆ ಹೋದ ಡೇಟಾ, ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್‌ಗಳು ಹೊರಗೆ ಹೋಗುವ ಬಾಗಿಲು) ಎಲ್ಲ ಬೇರೆ ಬೇರೆಯಾಗಿ ಎದ್ದು ನಿಲ್ಲುತ್ತವೆ. ನಿಮ್ಮ ಸರ್ವರ್ ಇರುವ ಜಾಗ, ಅಂದರೆ ರೀಜನ್, ಮುಂಬೈ ಆಗಿದ್ದರೆ 'ಎಪಿಎಸ್3-ನ್ಯಾಟ್‌ಗೇಟ್‌ವೇ-ಬೈಟ್ಸ್' ಅನ್ನುವ ಸಾಲು ಹುಡುಕಿ. ನ್ಯಾಟ್ ಗೇಟ್‌ವೇಗೆ ಗಂಟೆ ಬಾಡಿಗೆ ಬೇರೆ, ಅದರ ಮೂಲಕ ಹೋದ ಒಂದೊಂದು ಜಿಬಿಗೂ ಬೇರೆ ಚಾರ್ಜು. ವರ್ಜೀನಿಯಾ ರೀಜನ್‌ನಲ್ಲಿ ಜಿಬಿಗೆ 4.5 ಸೆಂಟ್, ಮುಂಬೈನಲ್ಲಿ ಇನ್ನೂ ಜಾಸ್ತಿ. ಎಷ್ಟೋ ಕಡೆ ಸರ್ವರ್‌ಗಳು ಅದೇ ರೀಜನ್‌ನ ಎಸ್3 ಅನ್ನುವ ಫೈಲ್ ಸಂಗ್ರಹಕ್ಕೆ ಫೈಲ್ ಕಳಿಸೋದೂ ಇದೇ ದಾರಿಯಲ್ಲಿ ಹೋಗುತ್ತಿರುತ್ತದೆ. ಎಸ್3ಗೆ ನೇರ ಒಳದಾರಿ, ಅಂದರೆ ಗೇಟ್‌ವೇ ಎಂಡ್‌ಪಾಯಿಂಟ್, ಹಾಕಿದರೆ ಆ ಭಾಗದ ಚಾರ್ಜು ಸೊನ್ನೆ, ಎಂಡ್‌ಪಾಯಿಂಟಿಗೂ ದುಡ್ಡಿಲ್ಲ. ಇದನ್ನು ಕಂಡುಹಿಡಿಯೋಕೆ ಯಾವ ಹೊರಗಿನ ಟೂಲ್ ಬೇಕು ಹೇಳಿ?

ಇಕೆಎಸ್ (ಎಡಬ್ಲ್ಯೂಎಸ್ ನಡೆಸಿಕೊಡುವ ಕ್ಯುಬರ್ನೆಟಿಸ್, ಅಂದರೆ ಸರ್ವರ್‌ಗಳ ಒಂದು ಗುಂಪಿನ ಮೇಲೆ ಆ್ಯಪ್‌ಗಳನ್ನು ಓಡಿಸುವ ವ್ಯವಸ್ಥೆ) ಬಳಸುವವರು 'ಇಸಿ2-ಅದರ್' ಫಿಲ್ಟರ್ ತೆಗೆದು ಅದೇ 'ಯೂಸೇಜ್ ಟೈಪ್' ಪಟ್ಟಿಯಲ್ಲಿ 'ಎಕ್ಸ್‌ಟೆಂಡೆಡ್ ಸಪೋರ್ಟ್' ಅಂತ ಇದೆಯಾ ನೋಡಿ. ಕ್ಲಸ್ಟರ್ (ಆ ಸರ್ವರ್ ಗುಂಪು) ಒಂದಕ್ಕೆ ಗಂಟೆಗೆ 10 ಸೆಂಟ್ ಇರೋದು ಹಳೇ ವರ್ಷನ್‌ನಲ್ಲೇ ಕೂತರೆ 60 ಸೆಂಟ್ ಆಗುತ್ತದೆ. ತಿಂಗಳಿಗೆ 73 ಡಾಲರ್ ಬರುತ್ತಿದ್ದದ್ದು 438 ಡಾಲರ್. ಡೆವ್, ಟೆಸ್ಟ್, ಪ್ರೊಡಕ್ಷನ್ ಅಂತ ಮೂರು ಕ್ಲಸ್ಟರ್ ಇದ್ದರೆ ನೀವೇ ಗುಣಿಸಿಕೊಳ್ಳಿ. ಹಾಗೇ 2024ರ ಫೆಬ್ರವರಿಯಿಂದ ಪಬ್ಲಿಕ್ ಐಪಿವಿ4 ಅಡ್ರೆಸ್‌ಗಳಿಗೆ (ಇಂಟರ್ನೆಟ್ ವಿಳಾಸಗಳಿಗೆ) ಗಂಟೆಗೆ ಅರ್ಧ ಸೆಂಟ್ ಬೀಳುತ್ತಿದೆ. ಕೇಳೋಕೆ ಏನೂ ಅಲ್ಲ ಅನಿಸುತ್ತದೆ, ಆದರೆ ಸುಮ್ನೆ ಬಿದ್ದಿರುವ ಅಡ್ರೆಸ್‌ಗಳನ್ನು ಎಣಿಸಿದಾಗ ಗೊತ್ತಾಗುತ್ತದೆ.

ಬೈಯೋದಕ್ಕೂ ಇದೆ. ಡೇಟಾ ಬರೋದು ನಿಧಾನ. ದಿನಕ್ಕೆ ಒಂದು ಸಲವಾದರೂ ಅಪ್‌ಡೇಟ್ ಆಗುತ್ತದೆ ಅನ್ನೋದಷ್ಟೇ ಭರವಸೆ. ಹಾಗಾಗಿ ಶುಕ್ರವಾರ ಸಂಜೆ ಯಾರೋ ದೊಡ್ಡ ಜಿಪಿಯು ಮಷಿನ್ ಆನ್ ಮಾಡಿ ಮನೆಗೆ ಹೋದರೆ ಶನಿವಾರ ಬೆಳಿಗ್ಗೆಗೆ ಅದು ಗ್ರಾಫಿನಲ್ಲಿ ಕಾಣದೇ ಇರಬಹುದು. ಬಜೆಟ್ಸ್ ಅನ್ನೋದು ಇದೆಯಲ್ಲ ಅಂತೀರಾ? ಬಜೆಟ್ ಇಟ್ಟರೆ ಅದು ಮೀರಿದಾಗ ಖರ್ಚು ತಾನಾಗೇ ನಿಲ್ಲುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸುಮ್ಮನೆ ಬಜೆಟ್ ಇಟ್ಟರೆ ಮೇಲ್ ಬರುತ್ತದೆ, ಅಷ್ಟೇ. ನಿಲ್ಲಿಸಬೇಕು ಅಂದರೆ ಬಜೆಟ್ ಆಕ್ಷನ್ ಬೇರೆ ಕಟ್ಟಬೇಕು, ಅದೂ ಇದೇ ನಿಧಾನದ ಡೇಟಾದ ಮೇಲೆ ಓಡುತ್ತದೆ. ಗೂಗಲ್ ಕ್ಲೌಡ್‌ನಲ್ಲೂ ಬಜೆಟ್ ಅಂದರೆ ಎಚ್ಚರಿಕೆ ಮಾತ್ರ, ಬೀಗ ಅಲ್ಲ. ಆದರೆ ಎಡಬ್ಲ್ಯೂಎಸ್‌ನಲ್ಲಿ ಖರ್ಚು ದಿಢೀರ್ ಏರಿದರೆ ಎಚ್ಚರಿಸುವ ಕಾಸ್ಟ್ ಅನಾಮಲಿ ಡಿಟೆಕ್ಷನ್ ಉಚಿತವಾಗಿದೆ, ತಡವಾದರೂ ಕೆಲಸ ಮಾಡುತ್ತದೆ, ಇವತ್ತೇ ಆನ್ ಮಾಡಿ.

ಇನ್ನೊಂದು ತಮಾಷೆ ಕೇಳಿ. ಕಾಸ್ಟ್ ಎಕ್ಸ್‌ಪ್ಲೋರರ್ ಬ್ರೌಸರ್‌ನಲ್ಲಿ ಉಚಿತ, ಎಪಿಐನಲ್ಲಿ (ಪ್ರೋಗ್ರಾಂ ಮೂಲಕ ಕೇಳಿದರೆ) ಒಂದು ರಿಕ್ವೆಸ್ಟ್‌ಗೆ ಒಂದು ಸೆಂಟ್. ನಿಮಿಷಕ್ಕೊಂದು ಸಲ ಕೇಳುವ ಡ್ಯಾಶ್‌ಬೋರ್ಡ್ ಯಾರಾದರೂ ಬರೆದು ಬಿಟ್ಟರೆ ತಿಂಗಳಿಗೆ 432 ಡಾಲರ್. ಅದೂ ದಿನಕ್ಕೆ ಒಂದೆರಡು ಸಲ ಬದಲಾಗುವ ಅಂಕಿಗೆ!

ಸರ್ವರ್ ಎಷ್ಟು ದೊಡ್ಡದಿರಬೇಕು ಅಂತ ಸಲಹೆ ಕೊಡುವ ಕಂಪ್ಯೂಟ್ ಆಪ್ಟಿಮೈಸರ್ ಚೆನ್ನಾಗಿದೆ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಡೀಫಾಲ್ಟ್ ಆಗಿ ನೋಡೋದು ಹಿಂದಿನ 14 ದಿನ. ತಿಂಗಳ ಕೊನೆಗೆ ಸಂಬಳದ ಲೆಕ್ಕ ಓಡಿಸುವ ಸರ್ವರ್ ತಿಂಗಳ ಮಧ್ಯದಲ್ಲಿ ಅದಕ್ಕೆ ಸೋಮಾರಿಯಾಗಿಯೇ ಕಾಣುತ್ತದೆ. ಕ್ಲೌಡ್‌ವಾಚ್ ಏಜೆಂಟ್‌ನಂಥ ಬಳಕೆ ಅಳೆಯುವ ಪ್ರೋಗ್ರಾಂ ಹಾಕದೇ ಇದ್ದರೆ ಮೆಮೊರಿ ಎಷ್ಟು ಬಳಕೆಯಾಗುತ್ತಿದೆ ಅನ್ನೋದೂ ಅದಕ್ಕೆ ಗೊತ್ತಾಗೋದಿಲ್ಲ. ಮೆಮೊರಿ ಜಾಸ್ತಿ ತಿನ್ನುವ ಜಾವಾ ಸರ್ವಿಸ್‌ಗಳಿಗೆ ಅದರ ಮಾತು ಕೇಳಿ ಮಷಿನ್ ಚಿಕ್ಕದು ಮಾಡಿದರೆ ರಾತ್ರಿ ಫೋನ್ ಬರೋದು ಗ್ಯಾರಂಟಿ. ಸೇವಿಂಗ್ಸ್ ಪ್ಲಾನ್ (ಇಷ್ಟು ಬಳಸುತ್ತೇವೆ ಅಂತ ಮುಂಚೆಯೇ ಮಾತು ಕೊಟ್ಟು ರಿಯಾಯಿತಿ ಪಡೆಯೋದು) ತಗೊಳ್ಳಿ ಅಂತಲೂ ಅದೇ ಕನ್ಸೋಲ್ ಹೇಳುತ್ತದೆ, 72 ಪರ್ಸೆಂಟ್‌ವರೆಗೆ ಉಳಿತಾಯ ಅಂತ ಬೋರ್ಡ್ ಬೇರೆ. ಆ ಲೆಕ್ಕ ನಿಂತಿರೋದು ನಿಮ್ಮ ಈಗಿನ ಬಳಕೆಯ ಮೇಲೆ, ಅಂದರೆ ವೇಸ್ಟ್ ಆಗುತ್ತಿರೋದೂ ಅದರಲ್ಲಿ ಸೇರಿದೆ. ಮೊದಲು ಬೇಡದ್ದನ್ನು ಆಫ್ ಮಾಡಿ, ದೊಡ್ಡದನ್ನು ಚಿಕ್ಕದು ಮಾಡಿ, ಆಮೇಲೆ ಒಂದು ವರ್ಷಕ್ಕೆ ಮಾತು ಕೊಡಿ.

ಇಷ್ಟೆಲ್ಲ ಮಾಡಿದ ಮೇಲೆ ಮ್ಯಾನೇಜರ್ ಕೇಳುತ್ತಾರೆ, ಪೇಮೆಂಟ್ಸ್ ಟೀಮ್ ಎಷ್ಟು ಖರ್ಚು ಮಾಡಿತು, ಸರ್ಚ್ ಟೀಮ್ ಎಷ್ಟು? ಇಲ್ಲಿ ಒಳಗಿನ ಟೂಲ್ ಸುಸ್ತು ಹೊಡೆಯುತ್ತದೆ. ಒಂದೊಂದಕ್ಕೂ ಟೀಮಿನ ಹೆಸರಿನ ಚೀಟಿ, ಅಂದರೆ ಟ್ಯಾಗ್, ಹಾಕಿ ಅಂತಾರೆ, ಸರಿ. ಟ್ಯಾಗ್ ಹಾಕಿದರೆ ಸಾಲದು, ಬಿಲ್ಲಿಂಗ್ ಪೇಜಿಗೆ ಹೋಗಿ ಅದನ್ನು ಆಕ್ಟಿವೇಟ್ ಮಾಡಬೇಕು. ಖರ್ಚನ್ನು ಗುಂಪು ಮಾಡೋಕೆ ಕಾಸ್ಟ್ ಕ್ಯಾಟಗರೀಸ್ ಅಂತಲೂ ಇದೆ, ಪರವಾಗಿಲ್ಲ. ಆದರೆ ಎಲ್ಲ ಟೀಮುಗಳೂ ಒಂದೇ ಕ್ಯುಬರ್ನೆಟಿಸ್ ಕ್ಲಸ್ಟರ್‌ನಲ್ಲಿದ್ದರೆ? ವಠಾರದ ನಾಲ್ಕು ಮನೆಗೆ ಒಂದೇ ಕರೆಂಟ್ ಮೀಟರ್ ಇದ್ದ ಹಾಗೆ. ಬೆಸ್ಕಾಂ ಬಿಲ್ ಸರಿಯಾಗೇ ಇರುತ್ತದೆ, ಗೀಸರ್ ಆನ್ ಮಾಡಿ ಮರೆತಿದ್ದು ಯಾರು ಅನ್ನೋದು ಅದರಲ್ಲಿ ಇರೋದಿಲ್ಲ.

ಎಡಬ್ಲ್ಯೂಎಸ್ 2024ರಲ್ಲಿ ಇಕೆಎಸ್‌ಗೆ 'ಸ್ಪ್ಲಿಟ್ ಕಾಸ್ಟ್ ಅಲೊಕೇಶನ್' ಕೊಟ್ಟಿತು, ಪಾಡ್ (ಕ್ಲಸ್ಟರ್‌ನಲ್ಲಿ ಓಡುವ ಆ್ಯಪ್‌ನ ಒಂದು ತುಂಡು) ಮಟ್ಟದ ಖರ್ಚು ಸಿಗುತ್ತದೆ. ಆದರೆ ಅದು ಸಿಗೋದು ಕಾಸ್ಟ್ ಅಂಡ್ ಯೂಸೇಜ್ ರಿಪೋರ್ಟ್ ಅನ್ನುವ ಆ ದೈತ್ಯ ಫೈಲಿನಲ್ಲಿ. ಅಥೀನಾದಲ್ಲಿ, ಅಂದರೆ ಎಡಬ್ಲ್ಯೂಎಸ್‌ನ ಡೇಟಾ ಹುಡುಕುವ ಸರ್ವಿಸ್‌ನಲ್ಲಿ, ಎಸ್‌ಕ್ಯುಎಲ್ ಕ್ವೆರಿ ಬರೆದು ತೆಗೆಯಬೇಕು. ಎಸ್‌ಕ್ಯುಎಲ್ ಬರೆಯೋಕೆ ಒಬ್ಬರು ಇದ್ದರೆ ಸಾಕು, ಇಲ್ಲದಿದ್ದರೆ ಹೊರಗೆ ನೋಡಲೇಬೇಕು.

ಹೊರಗಡೆ ನೋಡುವುದಾದರೆ ಮೊದಲು ಓಪನ್‌ಕಾಸ್ಟ್, ಕ್ಯುಬರ್ನೆಟಿಸ್ ಖರ್ಚನ್ನು ಹಂಚಿ ತೋರಿಸುವ ಟೂಲ್. ಓಪನ್ ಸೋರ್ಸ್, ಸಿಎನ್‌ಸಿಎಫ್ ಅನ್ನುವ ಓಪನ್ ಸೋರ್ಸ್ ಸಂಸ್ಥೆಯ ಆಶ್ರಯದಲ್ಲಿದೆ, ಸರ್ವರ್ ಅಳತೆಗಳನ್ನು ಕೂಡಿಡುವ ಪ್ರೊಮೀಥಿಯಸ್ ಮೊದಲೇ ಓಡುತ್ತಿದ್ದರೆ ಹಾಕೋದು ಕಷ್ಟವಿಲ್ಲ. ನೇಮ್‌ಸ್ಪೇಸ್ (ಕ್ಲಸ್ಟರ್ ಒಳಗಿನ ವಿಭಾಗ) ಲೆಕ್ಕದಲ್ಲಿ ಖರ್ಚು ತೋರಿಸುತ್ತದೆ, ಯಾರೂ ಬಳಸದೆ ಖಾಲಿ ಬಿದ್ದ ಜಾಗವನ್ನೂ ತೋರಿಸುತ್ತದೆ. ನನಗೆ ಇದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಖಾಲಿ ಜಾಗದ ಅಂಕಿಯೇ. ಪಾಡ್‌ಗಳು ನಾಲ್ಕು ಸಿಪಿಯು ಕೇಳಿ ಅರ್ಧ ಸಿಪಿಯು ಬಳಸುತ್ತಿದ್ದದ್ದು ಕಂಡಾಗ ಡೆವಲಪರ್‌ಗಳ ಜೊತೆ ವಾದ ಮಾಡೋ ಅಗತ್ಯವೇ ಬರಲಿಲ್ಲ, ಅವರೇ ಬಂದು ಯಾಮಲ್ ಸೆಟ್ಟಿಂಗ್ ಫೈಲ್ ತಿದ್ದಿದರು. ಇನ್ನೊಂದು ಇನ್‌ಫ್ರಾಕಾಸ್ಟ್. ಟೆರಾಫಾರ್ಮ್ (ಸರ್ವರ್‌ಗಳನ್ನು ಕೋಡ್ ಬರೆದು ಕಟ್ಟುವ ಟೂಲ್) ಬದಲಾವಣೆ ರಿವ್ಯೂಗೆ ಬಂದಾಗಲೇ, ಇದು ಮರ್ಜ್ ಆದರೆ ತಿಂಗಳಿಗೆ ಇಷ್ಟು ಡಾಲರ್ ಜಾಸ್ತಿ, ಅಂತ ಅಲ್ಲೇ ಕಾಮೆಂಟ್ ಹಾಕುತ್ತದೆ. ಕ್ಲೌಡ್ ಕಂಪನಿಗಳು ಇದನ್ನು ಯಾಕೆ ಮೊದಲು ಮಾಡಲಿಲ್ಲ ಅಂತ ಊಹಿಸೋದು ಕಷ್ಟವೇನಲ್ಲ.

ದುಡ್ಡು ಕೊಡುವ ಟೂಲ್‌ಗಳಲ್ಲಿ ವಾಂಟೇಜ್ ನೋಡೋಕೆ ನೀಟಾಗಿದೆ, ಕ್ಲೌಡ್ ಬಿಲ್ ಜೊತೆ ಡೇಟಾಡಾಗ್, ಸ್ನೋಫ್ಲೇಕ್‌ನಂಥ ಬೇರೆ ಸರ್ವಿಸ್‌ಗಳ ಬಿಲ್‌ಗಳನ್ನೂ ಒಂದೇ ಪರದೆಗೆ ತರುತ್ತದೆ. ದೊಡ್ಡ ಕಂಪನಿಗಳಿಗೆ ಅಂತ ಇರುವ ಟೂಲ್‌ಗಳ ಮಾಲೀಕರು ಮಾತ್ರ ಬದಲಾಗುತ್ತಲೇ ಇದ್ದಾರೆ. ಕ್ಲೌಡ್‌ಹೆಲ್ತ್ 2018ರಲ್ಲಿ ವಿಎಂವೇರ್‌ಗೆ ಹೋಯಿತು, ವಿಎಂವೇರ್ 2023ರಲ್ಲಿ ಬ್ರಾಡ್‌ಕಾಮ್‌ಗೆ. ಕ್ಲೌಡಬಿಲಿಟಿ ಆಪ್ಟಿಯೊ ಕೈ ಸೇರಿತು, ಆಪ್ಟಿಯೊವನ್ನು 2023ರಲ್ಲಿ ಐಬಿಎಂ ಕೊಂಡಿತು, ಮರುವರ್ಷ ಕ್ಯೂಬ್‌ಕಾಸ್ಟ್ ಕೂಡ ಅಲ್ಲಿಗೇ. ಮೂರು ವರ್ಷದ ಕಾಂಟ್ರಾಕ್ಟ್ ಮುಂದಿಟ್ಟರೆ ಇದನ್ನು ನೆನಪಿಡಿ.

ಫೀ ಹೇಗೆ ತಗೋತಾರೆ ಅನ್ನೋದನ್ನು ಎರಡು ಸಲ ಓದಿ. ನಿಮ್ಮ ಬಿಲ್‌ನಲ್ಲಿ ಇಷ್ಟು ಪರ್ಸೆಂಟ್ ಅಂದರೆ ಬಿಲ್ ಏರಿದಷ್ಟೂ ಅವರಿಗೆ ಲಾಭ. ಉಳಿತಾಯದಲ್ಲಿ ಇಷ್ಟು ಪರ್ಸೆಂಟ್ ಅಂದರೆ ಉಳಿತಾಯ ಅಂತ ಯಾವುದನ್ನು ಕರೆಯುತ್ತಾರೆ ಅನ್ನೋದೇ ಜಗಳ. ನಾವು ಟ್ರಯಲ್ ಮಾಡಿದ ಒಂದು ಟೂಲ್, ಹೆಸರು ಬೇಡ, ದೊಡ್ಡ ಉಳಿತಾಯದ ಪಟ್ಟಿ ಕೊಟ್ಟಿತು. ಕೂತು ನೋಡಿದರೆ ಎಲ್ಲ ಲೆಕ್ಕವೂ ಆನ್-ಡಿಮಾಂಡ್ (ರಿಯಾಯಿತಿ ಇಲ್ಲದ) ದರದಲ್ಲಿ, ಸೇವಿಂಗ್ಸ್ ಪ್ಲಾನ್‌ನಿಂದ ನಮಗೆ ಆಗಲೇ ಸಿಗುತ್ತಿದ್ದ ರಿಯಾಯಿತಿ ಎಣಿಸಿಯೇ ಇಲ್ಲ. 'ಐಡಲ್' ಅಂತ ತೆಗೆದುಹಾಕಲು ಹೇಳಿದ್ದರಲ್ಲಿ ಮುಖ್ಯದ್ದು ಕೈಕೊಟ್ಟರೆ ಇರಲಿ ಅಂತ ಇಟ್ಟ ನಮ್ಮ ಸ್ಟ್ಯಾಂಡ್‌ಬೈ ಡೇಟಾಬೇಸ್ ಕೂಡ ಇತ್ತು! ಅದು ಸುಮ್ಮನೆ ಕೂತಿರಲಿ ಅಂತಲೇ ಅಲ್ವಾ ಇಟ್ಟಿರೋದು?

ಮೈಕ್ರೋಸಾಫ್ಟ್‌ನ ಅಜ್ಯೂರ್ ಮಾತ್ರ ಬಳಸುವವರಿಗೆ ಅದರ ಕಾಸ್ಟ್ ಮ್ಯಾನೇಜ್‌ಮೆಂಟ್ ಮತ್ತು ಅಡ್ವೈಸರ್ ಸಾಕು. ಮೊದಲು ಅದರೊಳಗೇ ಎಡಬ್ಲ್ಯೂಎಸ್ ಬಿಲ್ ಕೂಡ ನೋಡಬಹುದಿತ್ತು, 2025ರ ಮಾರ್ಚ್‌ಗೆ ಅದನ್ನು ನಿಲ್ಲಿಸಿದರು. ಗೂಗಲ್‌ನವರದ್ದು ಅವರದೇ ಡೇಟಾಬೇಸ್ ಬಿಗ್‌ಕ್ವೆರಿಗೆ ಬಿಲ್ ಎಕ್ಸ್‌ಪೋರ್ಟ್ ಮಾಡುವ ದಾರಿ ನನಗೆ ಇಷ್ಟ. ಎರಡು ಮೂರು ಕ್ಲೌಡ್ ಇರುವವರಿಗೆ ಹೊರಗಿನ ಟೂಲ್ ಬೇಕೇ ಬೇಕಾಗುತ್ತದೆ, ಅದರಲ್ಲಿ ಚರ್ಚೆ ಇಲ್ಲ.

ನಮ್ಮ ಕಡೆಯವರು ನೋಡಬೇಕಾದ ಒಂದು ವಿಷಯ ಇದೆ. ಕಾಸ್ಟ್ ಎಕ್ಸ್‌ಪ್ಲೋರರ್ ಡಾಲರ್‌ನಲ್ಲೇ ಮಾತಾಡುತ್ತದೆ, ಅಕೌಂಟ್ಸ್‌ನವರಿಗೆ ಬರುವ ಇನ್‌ವಾಯ್ಸ್ ರೂಪಾಯಿಯಲ್ಲಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಎರಡೂ ಹೊಂದೋದಿಲ್ಲ ಅಂತ ಪ್ರತಿ ತಿಂಗಳು ಪ್ರಶ್ನೆ ಬರುತ್ತದೆ. ರೀಸೆಲರ್ ಮೂಲಕ ಅಕೌಂಟ್ ತಗೊಂಡಿದ್ದರೆ ಇನ್ನೂ ಮಂಜು. ಮೇಲಿನ, ಬಿಲ್ ಕಟ್ಟುವ ಪೇಯರ್ ಅಕೌಂಟ್ ಅವರ ಕೈಯಲ್ಲಿರುತ್ತದೆ, ನಿಮಗೆ ಕಾಣುವ ದರ ಅವರು ತೋರಿಸಿದಷ್ಟೇ ಆಗಿರಬಹುದು. ಅಂಥ ಕಡೆ ಹೊರಗಿನ ಟೂಲ್ ಹಾಕಿದರೂ ಅದಕ್ಕೆ ಸಿಗೋದು ಅದೇ ಅಂಕಿ. ಟೂಲ್ ಡೆಮೊ ನೋಡುವ ಮೊದಲು ರೀಸೆಲರ್‌ಗೆ ಫೋನ್ ಮಾಡಿ, ಪೂರ್ತಿ ಕಾಸ್ಟ್ ರಿಪೋರ್ಟ್ ಸಿಗುತ್ತದಾ ಕೇಳಿ.

ಟ್ರಯಲ್ ಶುರು ಮಾಡುವಾಗ ಅನುಮತಿ ಕೇಳುತ್ತಾರೆ. 'ರೀಡ್ಓನ್ಲಿಆಕ್ಸೆಸ್' ಪಾಲಿಸಿ ಕೊಡಿ, ಬರೀ ಓದೋದಕ್ಕೆ ತಾನೇ ಅಂತಾರೆ. ಆ ಪಾಲಿಸಿ ಎಸ್3 ಬಕೆಟ್‌ಗಳ ಒಳಗಿನ ಫೈಲ್‌ಗಳನ್ನೂ ಓದಲು ಬಿಡುತ್ತದೆ, ಅಂದರೆ ಗ್ರಾಹಕರ ಡೇಟಾ ಕೂಡ. ಖರ್ಚಿನ ಲೆಕ್ಕಕ್ಕೆ ಕಾಸ್ಟ್ ರಿಪೋರ್ಟ್ ಬೀಳುವ ಬಕೆಟ್ ಒಂದನ್ನು ತೋರಿಸಿದರೆ ಬಹುಮಟ್ಟಿಗೆ ಸಾಕು. ಅದಕ್ಕಿಂತ ಜಾಸ್ತಿ ಬೇಕು ಅಂದರೆ ಯಾವ ಫೀಚರ್‌ಗೆ ಯಾವ ಅನುಮತಿ ಅಂತ ಬರೆದು ಕಳಿಸಲಿ.