ಬಾಲ್ ಪೈಥಾನ್ ಟ್ಯಾಂಕಿಗೆ ಫಾಗರ್ ಕೊಳ್ಳುವ ಮುನ್ನ

ಮನೆಯಲ್ಲಿ ಸಾಕುವ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಪೊರೆ ತುಂಡು ತುಂಡಾಗಿ ಬಂತೆಂದರೆ ಸಾಕು, ಟ್ಯಾಂಕಿನಲ್ಲಿ ತೇವ ಸಾಲದೆಂದು ಆನ್‌ಲೈನ್‌ನಲ್ಲಿ ಮಂಜು ಚಿಮ್ಮುವ ಫಾಗರ್ ಯಂತ್ರ ಆರ್ಡರ್ ಆಗಿಬಿಡುತ್ತದೆ. ದಯವಿಟ್ಟು ತಡೆಯಿರಿ. ಬೆಂಗಳೂರಿನ ಒಂದು ಮನೆಯಲ್ಲಿ ಹೀಗೇ ಮಾಡಿ ಆರೋಗ್ಯವಾಗಿದ್ದ ಬಾಲ್ ಪೈಥಾನ್ ಶ್ವಾಸಕೋಶದ ಸೋಂಕಿಗೆ ಬಿತ್ತು.

ಅದು ನಾಲ್ಕು ಅಡಿಯ ಗಾಜಿನ ಟ್ಯಾಂಕು. ಮೇಲೆ ಪೂರ್ತಿ ಜಾಲರಿ, ಒಂದು ತುದಿಗೆ ಹೀಟ್ ಲ್ಯಾಂಪ್. ಬಿಸಿ ಗಾಳಿ ಜಾಲರಿಯಿಂದ ಹೊರಬೀಳುವಾಗ ತೇವವನ್ನೂ ಕೊಂಡೊಯ್ಯುತ್ತದೆ, ಪೊರೆ ಅಂಟಿಕೊಂಡದ್ದು ಅದಕ್ಕೇ. ಜಾಲರಿ ಮುಚ್ಚಿದ್ದರೆ ಮುಗಿಯುತ್ತಿತ್ತು. ಅದರ ಬದಲು ಫಾಗರ್ ಬಂತು. ಅದಕ್ಕೆ ಬೋರ್ ನೀರು ತುಂಬಿ, ಪೈಪನ್ನು ಹಾವು ಮಲಗುವ ಗೂಡಿನ ಬಾಯಿಗೇ ತಿರುಗಿಸಿದ್ದರು. ಗಾಜಿಗೆ ಅಂಟಿಸಿದ್ದ, ಆರ್ದ್ರತೆ ಅಳೆಯುವ ಮುಳ್ಳಿನ ಮೀಟರ್ 60%ರಿಂದ ಅಲುಗಲಿಲ್ಲ, ಹಾಗಾಗಿ ಫಾಗರ್ ಹಗಲೂ ರಾತ್ರಿ ಓಡಿತು. ಮೊದಲು ಹೊಟ್ಟೆಯಡಿಯ ಹುರುಪೆಗಳು ಕಂದುಗೆಂಪಾಗಿ ಅಲ್ಲಲ್ಲಿ ನೀರುಗುಳ್ಳೆ ಎದ್ದವು. ಆಮೇಲೆ ಮೂಗಿನಲ್ಲಿ ಲೋಳೆ, ಉಸಿರಿಗೆ ಸಿಳ್ಳೆಯ ಸದ್ದು. ಹಾವು ತಲೆ ಮೇಲೆತ್ತಿ ಬಾಯಿ ತೆರೆದೇ ಕೂರತೊಡಗಿತು.

ಫಾಗರ್ ಬಿಡುವುದು ಆವಿಯಲ್ಲ, ನೀರಿನ ಅತಿ ಸಣ್ಣ ಹನಿಗಳು. ಬೋರ್ ನೀರಿನ ಸುಣ್ಣ, ತೊಟ್ಟಿಯ ಗೋಡೆಗೆ ಕಟ್ಟಿದ ಲೋಳೆಯ ಬ್ಯಾಕ್ಟೀರಿಯಾ, ಎಲ್ಲವೂ ಹನಿಯ ಜೊತೆ ಉಸಿರಿಗೆ ಹೋಗುತ್ತವೆ. ಆರ್‌ಒ ನೀರು ಹಾಕಿದರೆ ಸುಣ್ಣ ಹೋದೀತು, ಲೋಳೆ ಹೋಗುವುದಿಲ್ಲ. ಹನಿಗಳು ಕೆಳಗಿಳಿದು ಮಣ್ಣಿನ ಮೇಲ್ಪದರವನ್ನು ಸದಾ ಒದ್ದೆಯಾಗಿಡುತ್ತವೆ. ಹೊಟ್ಟೆಯಡಿಯ ಹುರುಪೆ ಕೊಳೆಯುವುದು ಅಲ್ಲಿಂದಲೇ. ಈ ಹಾವಿಗೆ ಬೇಕಾದದ್ದು 60ರಿಂದ 70% ಆರ್ದ್ರತೆಯ ಗಾಳಿ, ಒದ್ದೆ ಹಾಸಿಗೆಯಲ್ಲ.

ಜಾಲರಿಯ ಮುಕ್ಕಾಲು ಭಾಗವನ್ನು ಅಕ್ರಿಲಿಕ್ ಶೀಟಿನಿಂದ ಮುಚ್ಚಿ. ಲ್ಯಾಂಪಿನ ಸುತ್ತ ಮಾತ್ರ ಬಿಡಿ, ಶೀಟು ಬಿಸಿಗೆ ಕರಗಬಾರದು. ತಳಕ್ಕೆ ನಾಲ್ಕು ಇಂಚು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ. ಗಿಡದ ಅಂಗಡಿಯ ಅಗ್ಗದ ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿರಬಹುದು, ತೊಳೆದದ್ದು ಎಂದು ಕೇಳಿಯೇ ತನ್ನಿ. ಸ್ಪ್ರೇ ಬಾಟಲಿ ಬದಿಗಿಡಿ. ನೀರನ್ನು ನಾಲ್ಕು ಮೂಲೆಗಳಲ್ಲಿ ನಿಧಾನವಾಗಿ ಸುರಿಯಿರಿ, ಒಟ್ಟು ಒಂದೂವರೆ ಲೀಟರಿನಿಂದ ಶುರುಮಾಡಿ. ನೀರು ತಳಕ್ಕಿಳಿದು ಮೇಲ್ಪದರ ಒಣಗಿರುತ್ತದೆ, ತೇವ ಕೆಳಗಿನಿಂದ ದಿನಗಟ್ಟಲೆ ಏಳುತ್ತಿರುತ್ತದೆ. ಕೆಳಪದರದ ಒಂದು ಹಿಡಿ ತೆಗೆದು ಹಿಂಡಿ: ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಪೊರೆ ಬಿಡುವ ಮುನ್ನ ಹಾವಿನ ಕಣ್ಣು ನೀಲಿಗಟ್ಟಿದ ದಿನಗಳಿಗೆ ಮುಚ್ಚಳವಿರುವ ಡಬ್ಬಿಗೆ ತೂತು ಕೊರೆದು, ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿ ಇಟ್ಟರಾಯಿತು. ಪಾಚಿ ಹುಳಿ ವಾಸನೆ ಬಂದರೆ ಎಸೆಯಿರಿ.

ಮುಳ್ಳಿನ ಮೀಟರನ್ನು ನಾವು ಕಸಕ್ಕೆ ಎನ್ನುತ್ತೇವೆ. ಡಿಜಿಟಲ್ ತಂದರೂ ಪರೀಕ್ಷಿಸಿಯೇ ಬಳಸಿ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕರಗದೆ ಗಸಿಯಾಗುವಷ್ಟೇ ನೀರು ಬಿಟ್ಟು, ಮೀಟರಿನ ಜೊತೆ ಜಿಪ್ ಚೀಲದಲ್ಲಿ ಒಂದು ಇಡೀ ದಿನ ಮುಚ್ಚಿಡಿ. 75% ತೋರಿಸಬೇಕು. 70 ತೋರಿಸಿದರೆ ಇನ್ನು ಮುಂದೆ ಐದು ಸೇರಿಸಿ ಓದಿ. ಸೆನ್ಸರ್ ತಂಪು ತುದಿಯಲ್ಲಿ, ಹಾವಿನ ಮಟ್ಟದಲ್ಲಿರಲಿ. 25 ಡಿಗ್ರಿಯಲ್ಲಿ 75% ಇರುವ ಗಾಳಿಯೇ 32 ಡಿಗ್ರಿಗೆ ಕಾದರೆ ಸುಮಾರು 50% ಎಂದು ಓದುತ್ತದೆ, ಅದರಲ್ಲಿರುವ ನೀರು ಅಷ್ಟೇ. ಬಿಸಿ ತುದಿಯ ಅಂಕಿ ನೋಡಿ ನೀರು ಸುರಿಯುವವರು ತಂಪು ತುದಿಯನ್ನು ಕೆಸರು ಮಾಡುತ್ತಾರೆ.

ಅಂಟಿದ ಪೊರೆಯನ್ನು ಕೀಳಬೇಡಿ, ಕಣ್ಣಿನ ಮೇಲಿನದನ್ನಂತೂ ಮುಟ್ಟಲೇಬೇಡಿ. ತೂತಿರುವ ಡಬ್ಬಿಯಲ್ಲಿ ಉಗುರುಬೆಚ್ಚಗಿನ ಒದ್ದೆ ಟವೆಲ್ ಹಾಸಿ ಹಾವನ್ನು ಅರ್ಧ ಗಂಟೆ ಬಿಡಿ, ಅದೇ ಉಜ್ಜಿಕೊಳ್ಳುತ್ತದೆ. ಸಿಳ್ಳೆ ಸದ್ದು ಕೇಳಿದರೆ ಮಾತ್ರ ಮನೆಮದ್ದು ಬೇಡ, ಸರೀಸೃಪ ನೋಡುವ ಪಶುವೈದ್ಯರ ಬಳಿ ಅಂದೇ ಹೋಗಿ. ಸಾಕುವ ಇಂಥ ವಿದೇಶಿ ಪ್ರಾಣಿಗಳನ್ನು ದಾಖಲಿಸುವ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯಾಗಿಲ್ಲವೆಂದು ಹೆದರಿ ಆಸ್ಪತ್ರೆಗೆ ಒಯ್ಯದವರೂ ಇದ್ದಾರೆ. ಹಾವು ಆರೋಗ್ಯವಾಗಿರುವಾಗಲೇ ಆ ಕೆಲಸ ಮುಗಿಸಿಡಿ.