ಉಬುದ್‌ನ ತೋಟದ ಹೋಟೆಲು ಮತ್ತು ಅಮ್ಮನ ಕಾಫಿ ತಕರಾರು

ಇಂಡೋನೇಷ್ಯಾದ ಬಾಲಿ ದ್ವೀಪದ ಉಬುದ್‌ಗೆ ಅಮ್ಮನ ಜೊತೆ ಹೋಗಿದ್ದೆ. ಟ್ಯಾಕ್ಸಿಯವನು ದೊಡ್ಡ ರಸ್ತೆಯಲ್ಲೇ ಇಳಿಸಿಬಿಟ್ಟ. ಮುಂದಿನದು ಬೈಕ್ ಮಾತ್ರ ಹೋಗುವ ಓಣಿ. ಒಂದು ಕಡೆ ಗದ್ದೆಗೆ ನೀರು ಬಿಡುವ ಕಾಲುವೆ, ಇನ್ನೊಂದು ಕಡೆ ಪಾಚಿ ಕಟ್ಟಿದ ಗೋಡೆ. ಇಷ್ಟು ದೂರ ನಡೀಬೇಕು ಅಂತ ಬುಕ್ ಮಾಡುವಾಗ ಎಲ್ಲೂ ಬರೆದಿರಲಿಲ್ಲ. ಸೂಟ್‌ಕೇಸಿನ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿದಾಗಲೆಲ್ಲ ಅಮ್ಮ ನನ್ನ ಮುಖ ನೋಡುತ್ತಿದ್ದಳು. ಅರ್ಧ ದಾರಿಯಲ್ಲಿ ಹೋಟೆಲಿನ ಹುಡುಗ ಸ್ಕೂಟರ್ ತಂದು, ಸಾಮಾನೆಲ್ಲ ಕಾಲಿಡುವ ಜಾಗದಲ್ಲಿ ಪೇರಿಸಿಕೊಂಡು ಹೋದ. ಅಲ್ಲಿಗೆ ಅಮ್ಮನ ಸಿಟ್ಟು ಇಳಿಯಿತು.

ಆ ಓಣಿಯ ಬೆಲೆ ಗೊತ್ತಾಗಿದ್ದು ರಾತ್ರಿ. ಉಬುದ್ ಪೇಟೆ ಈಗ ಬರೀ ಟ್ರಾಫಿಕ್. ಅರಮನೆ ಮುಂದಿನ ರಸ್ತೆಯಲ್ಲಿ ಸಂಜೆ ಕಾರುಗಳು ತೆವಳುತ್ತವೆ. ಅಲ್ಲಿಂದ ಕಾಲು ಗಂಟೆ ನಡೆದು ಬಂದರೆ ಇಲ್ಲಿ ಒಂದು ಹಾರ್ನ್ ಕೇಳಿಸಲ್ಲ. ಕಾರು ಬರೋದಿಲ್ಲ, ಹಾಗಾಗಿ ಬಸ್ಸಲ್ಲಿ ಬರುವ ಗುಂಪುಗಳೂ ಬರೋದಿಲ್ಲ, ಹಾಗಾಗಿ ಬಾಡಿಗೆಯೂ ಕಡಿಮೆ. ಇಬ್ಬರಿಗೆ ತಿಂಡಿ ಸೇರಿ ದಿನಕ್ಕೆ 3,50,000 ರೂಪಿಯಾ ಕೊಟ್ಟೆವು. ಸೊನ್ನೆ ನೋಡಿ ಗಾಬರಿಯಾಗಬೇಡಿ, ನಮ್ಮ ದುಡ್ಡಲ್ಲಿ ಎರಡು ಸಾವಿರದೊಳಗೇ ಆಯಿತು.

ಹೋಟೆಲು ಅಂದರೂ ಅದೊಂದು ಮನೆ. ಮುಂದೆ ಅವರ ಮನೆದೇವರ ಗುಡಿ, ಹಿಂದೆ ತೋಟ, ತೋಟದೊಳಗೆ ಎಂಟು ರೂಮು. ಯಜಮಾನಿಯನ್ನು ಎಲ್ಲರೂ ಇಬು ಅನ್ನುತ್ತಾರೆ, ನಮ್ಮ ಅಮ್ಮಾವ್ರು ಇದ್ದ ಹಾಗೆ. ಬೆಳಿಗ್ಗೆ ಅವರು ತಟ್ಟೆ ಹಿಡಿದು ಹೊರಟರೆ ಅರ್ಧ ಗಂಟೆಯ ಕೆಲಸ. ತೆಂಗಿನ ಎಳೆಗರಿಯ ಪುಟ್ಟ ಬುಟ್ಟಿ, ಅದರಲ್ಲಿ ಹೂವು, ನಾಲ್ಕು ಅಗುಳು ಅನ್ನ, ಮೇಲೊಂದು ಊದುಬತ್ತಿ. ಅದನ್ನು ಮೆಟ್ಟಿಲಿಗೊಂದು, ಕೊಳದ ಕಟ್ಟೆಗೊಂದು, ನಮ್ಮ ಹೊಸ್ತಿಲಿಗೊಂದು ಇಡುತ್ತಾರೆ. ಹೆಸರು ಚನಾಂಗ್. ಎರಡನೇ ದಿನದಿಂದ ಅಮ್ಮ ಚಪ್ಪಲಿ ಬಿಟ್ಟು ಅವರ ಹಿಂದೆಯೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಆದರೂ ಮಾತು ಮುಗಿಯುತ್ತಿರಲಿಲ್ಲ!

ತೋಟದಲ್ಲಿ ದೇವಕಣಗಿಲೆ, ಹೆಲಿಕೋನಿಯಾ, ಎರಡು ಅಡಿಕೆ ಮರ. ಕೊಳದ ಹತ್ತಿರ ಕಲ್ಲಿನ ಗಣಪತಿ, ಮೈತುಂಬ ಪಾಚಿ. ದಿನಾ ಅವನ ಕಿವಿಗೆ ಒಂದು ಕೆಂಪು ದಾಸವಾಳ. "ಹೂವನ್ನ ತಲೆ ಮೇಲಿಡೋದು ಬಿಟ್ಟು ಕಿವಿಗೆ ಸಿಕ್ಕಿಸಿದ್ದಾರಲ್ಲೋ" ಅಂತ ಅಮ್ಮ. ಮಾರನೇ ದಿನ ನೋಡಿದರೆ ತಾನೇ ಸಿಕ್ಕಿಸುತ್ತಿದ್ದಾಳೆ.

ನಿಶ್ಶಬ್ದ ಅಂದರೆ ಪೂರ್ತಿ ನಿಶ್ಶಬ್ದ ಅಲ್ಲ ಮತ್ತೆ. ಫೆಬ್ರವರಿ ಮಳೆಗಾಲ, ರಾತ್ರಿಯೆಲ್ಲ ಕಪ್ಪೆ. ನಾಲ್ಕಕ್ಕೇ ಹುಂಜ. ಮಾಡಿನ ಸಂದಿಯಲ್ಲಿ ಒಂದು ಟೊಕೆ ಹಲ್ಲಿ ಇತ್ತು, ಗೇಣುದ್ದ. ಅದು ಲೊಚಗುಟ್ಟುವುದಿಲ್ಲ, ಜೋರಾಗಿ ತನ್ನ ಹೆಸರನ್ನೇ ಕೂಗುತ್ತದೆ: ಟೊ-ಕೇ, ಟೊ-ಕೇ. ಮೊದಲ ರಾತ್ರಿ ನಾನು ಎದ್ದು ಕೂತೆ. ಅಮ್ಮ ಮಾತ್ರ ಕತ್ತಲಲ್ಲೇ ಮಂಚದ ಪಟ್ಟಿಗೆ ಬೆರಳು ಕುಟ್ಟಿ "ಕೃಷ್ಣ ಕೃಷ್ಣ" ಅಂದು ಮಗ್ಗುಲು ಬದಲಿಸಿದಳು.

ರೂಮು ಸಾಧಾರಣ. ಫ್ಯಾನ್, ಸೊಳ್ಳೆಪರದೆ, ಗಟ್ಟಿ ಹಾಸಿಗೆ. ಪರದೆಯಲ್ಲಿ ಒಂದು ತೂತಿತ್ತು, ಹೇಳಿದ ಸಂಜೆಯೇ ಹೊಲಿದು ಕೊಟ್ಟರು. ಬಚ್ಚಲಿಗೆ ಅರ್ಧ ಸೂರಿಲ್ಲ. ಫೋಟೋದಲ್ಲಿ ಚೆಂದ. ಮಳೆ ಬಂದರೆ ಟವೆಲ್, ಪೇಸ್ಟು, ಒಣಗಲು ಹಾಕಿದ ಪಂಚೆ ಎಲ್ಲ ತೊಪ್ಪೆ. ಬಿಸಿನೀರು ಸೋಲಾರ್‌ದು, ಮೋಡ ಕವಿದ ಮಾರನೇ ದಿನ ಬೆಚ್ಚಗೂ ಇರಲ್ಲ. ನಲ್ಲಿ ನೀರು ಕುಡಿಯಬೇಡಿ, ಜಗಲಿಯಲ್ಲಿ ಕ್ಯಾನ್ ಇಟ್ಟಿರುತ್ತಾರೆ.

ತಿಂಡಿ ವಿಷಯದಲ್ಲಿ ಸಸ್ಯಾಹಾರಿಗಳು ಒಂದು ನೆನಪಿಡಿ. ತರಕಾರಿ ನಾಸಿ ಗೋರೆಂಗ್, ಅಂದರೆ ಹುರಿದ ಅನ್ನ, ಕೇಳಿದರೂ ಅದರ ಖಾರದಲ್ಲಿ ತೆರಾಸಿ ಇರಬಹುದು. ತೆರಾಸಿ ಅಂದರೆ ಸಿಗಡಿ ಅರೆದು ಹುದುಗಿಸಿದ್ದು. ಮೊದಲೇ ಹೇಳಿಬಿಡಿ. ನಮಗೆ ಬಾಳೆಹಣ್ಣು ಕರಿದಿದ್ದು, ಪಪಾಯ, ಹುರಿದ ತೆಂಪೆ ಕೊಡುತ್ತಿದ್ದರು. ತೆಂಪೆ ಸೋಯಾ ಕಾಳಿನದು, ನನಗೆ ಬಹಳ ಹಿಡಿಸಿತು. ಕಾಫಿಯದ್ದೇ ಜಗಳ. ನುಣ್ಣಗೆ ಬೀಸಿದ ಪುಡಿಯನ್ನು ಲೋಟಕ್ಕೇ ಹಾಕಿ ಬಿಸಿನೀರು ಸುರಿಯುತ್ತಾರೆ, ಸೋಸೋದಿಲ್ಲ. ಪುಡಿ ತಳಕ್ಕೆ ಇಳಿಯುವ ತನಕ ಕಾಯಬೇಕು. ಕಾಯುವ ತಾಳ್ಮೆ ಅಮ್ಮನಿಗೆಲ್ಲಿ? ಮೊದಲ ಗುಟುಕಿಗೇ ಬಾಯಿತುಂಬ ಚರಟ.

ಖರ್ಚಿನ ಲೆಕ್ಕ ಹಾಕುವವರಿಗೆ: ವಿಮಾನ ನಿಲ್ದಾಣದಲ್ಲಿ ತೆಗೆದುಕೊಳ್ಳುವ ವೀಸಾ 5,00,000 ರೂಪಿಯಾ. 2024ರಿಂದ ಬಾಲಿಗೆ ಬರುವ ವಿದೇಶಿಯರಿಗೆ ಪ್ರವಾಸಿ ಶುಲ್ಕ ಬೇರೆ 1,50,000. ಎರಡೂ ತಲೆಗೆ ಇಷ್ಟು ಅಂತ. ನಿಲ್ದಾಣದಿಂದ ಸುಮಾರು 35 ಕಿ.ಮೀ., ನಮಗೆ ಒಂದೂವರೆ ಗಂಟೆ ಹಿಡಿಯಿತು.

ಮಂಡಿನೋವಿನವರು ಕೆಳಗಿನ ರೂಮೇ ಕೇಳಿ, ಮೇಲಿನ ಮೆಟ್ಟಿಲು ಕಡಿದು, ಮಳೆಗೆ ಜಾರುತ್ತದೆ. ಚಕ್ರದ ಸೂಟ್‌ಕೇಸ್ ಬೇಡ, ಹೆಗಲ ಚೀಲ ಸಾಕು. ಅಮ್ಮ ಹೇಳೋದು, ಮುಂದಿನ ಸಲ ಫಿಲ್ಟರನ್ನೂ ಅದರಲ್ಲೇ ಹಾಕಬೇಕಂತೆ, ಇಬುಗೂ ಒಂದು ಲೋಟ ನಮ್ಮ ಕಾಫಿ ಮಾಡಿಕೊಡಬೇಕಂತೆ.