ಡ್ಯಾಶ್‌ಬೋರ್ಡ್‌ನ ಹಸಿರು ಚುಕ್ಕಿ ನಂಬಿ ಎರಡು ವಾರದ ಬ್ಯಾಕಪ್ ಕಳೆದುಕೊಂಡೆ

ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನಗಾದದ್ದು ನಿಮಗೆ ಆಗಬಾರದು.

ನಮ್ಮಲ್ಲಿ ಹಳೆಯ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್‌ಗಳ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ತೆಗೆದು ಹೊಸದು ಹಾಕಿದೆವು. ಕೇಬಲ್‌ಗಳನ್ನೆಲ್ಲ ಹೊಸದಕ್ಕೆ ಸಿಕ್ಕಿಸಿ ಡ್ಯಾಶ್‌ಬೋರ್ಡ್ ತೆರೆದೆ. ಎಲ್ಲ ಪೋರ್ಟ್ ಪಕ್ಕದಲ್ಲೂ ಹಸಿರು ಚುಕ್ಕಿ. ನೆಮ್ಮದಿಯಿಂದ ಮನೆಗೆ ಹೋದೆ. ಆ ರಾತ್ರಿ ಶುರುವಾದ ಫೈಲ್ ಸರ್ವರ್ ಬ್ಯಾಕಪ್ ಬೆಳಗಾದರೂ ಮುಗಿದಿರಲಿಲ್ಲ. ಮರುದಿನವೂ ಅದೇ ಕಥೆ.

ಸರ್ವರ್‌ಗೆ ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ’ ಅಂತ ಚಿಕ್ಕ ಸಂದೇಶ ಕಳಿಸಿದರೆ, ತಕ್ಷಣ ಉತ್ತರ ಬರುತ್ತಿತ್ತು. ಟ್ರಾಫಿಕ್ ಗ್ರಾಫ್‌ನ ಗೆರೆ ತಳದಲ್ಲೇ ಇತ್ತು. ಲಿಂಕ್ ಖಾಲಿ ಇದೆ, ಹಾಗಾದರೆ ತೊಂದರೆ ಬೇರೆಲ್ಲೋ ಇದೆ ಅಂದುಕೊಂಡೆ. ಡಿಸ್ಕ್ ಪರೀಕ್ಷೆ ಮಾಡಿದೆ. ಬ್ಯಾಕಪ್ ಸಾಫ್ಟ್‌ವೇರ್ ಮತ್ತೆ ಇನ್‌ಸ್ಟಾಲ್ ಮಾಡಿದೆ. ಕೇಬಲ್ ಬದಲಾಯಿಸಿದೆ. ಹೀಗೇ ಎರಡು ವಾರ ಹೋಯಿತು. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರ ಕೈತಪ್ಪಿ ಒಂದು ಫೋಲ್ಡರ್ ಅಳಿಸಿಹೋಯಿತು. ವಾಪಸ್ ತರೋಣ ಅಂದರೆ, ನನ್ನ ಹತ್ತಿರ ಇದ್ದ ಕೊನೆಯ ಪೂರ್ತಿ ಬ್ಯಾಕಪ್ ಸ್ವಿಚ್ ಬದಲಾಯಿಸುವುದಕ್ಕೂ ಮೊದಲಿನದು. ಅವರು ಕೂತು ಮಾಡಿದ ಎರಡು ವಾರದ ಕೆಲಸ ಹೋಯಿತು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಆ ಸಂಜೆ ಬ್ಯಾಕಪ್ ಓಡುತ್ತಿರುವಾಗಲೇ ಸರ್ವರ್ ಸೇರಿರುವ ಪೋರ್ಟ್ ಮೇಲೆ ಕ್ಲಿಕ್ ಮಾಡಿ ವಿವರದ ಪುಟ ತೆರೆದೆ. ಹೊರಗಿನ ಪಟ್ಟಿಯಲ್ಲಿ ‘ಮೋಡ್: ಆಟೋ’ ಅಂತಿತ್ತು. ಒಳಗೆ ನೋಡಿದರೆ ‘ಸ್ಪೀಡ್ 100, ಡ್ಯೂಪ್ಲೆಕ್ಸ್ ಹಾಫ್’. ಹಾಫ್ ಅಂದರೆ ಒಂದು ಸಲಕ್ಕೆ ಕಳಿಸುವುದು ಇಲ್ಲವೇ ಪಡೆಯುವುದು, ಎರಡರಲ್ಲಿ ಒಂದೇ; ಎರಡೂ ಒಟ್ಟಿಗೆ ನಡೆದರೆ ಅದು ಫುಲ್. ಕೆಳಗೆ ಲೇಟ್ ಕೊಲಿಷನ್ (ತಡವಾಗಿ ಕಂಡ ಡೇಟಾ ಡಿಕ್ಕಿ) ಅನ್ನುವ ಸಾಲಿನಲ್ಲಿ ಉದ್ದದ ಸಂಖ್ಯೆ. ರಿಫ್ರೆಶ್ ಒತ್ತಿದೆ, ಏರಿತು. ಮತ್ತೆ ಒತ್ತಿದೆ, ಮತ್ತೆ ಏರಿತು. ಬ್ಯಾಕಪ್ ನಿಲ್ಲಿಸಿದೆ, ಸಂಖ್ಯೆಯೂ ನಿಂತಿತು.

ಆಗಿದ್ದು ಇಷ್ಟು. ಸರ್ವರ್‌ನ ನೆಟ್‌ವರ್ಕ್ ಕಾರ್ಡನ್ನು ಯಾವಾಗಲೋ ಯಾರೋ 100 ಫುಲ್ ಅಂತ ಕೈಯಾರೆ ಕಟ್ಟಿಹಾಕಿದ್ದರು. ಹಳೆಯ ಸ್ವಿಚ್‌ನಲ್ಲೂ ಹಾಗೇ ಇತ್ತು, ಹೊಂದಿಕೊಂಡು ಹೋಗುತ್ತಿತ್ತು. ಹೊಸ ಸ್ವಿಚ್‌ನ ಪೋರ್ಟ್ ಆಟೋದಲ್ಲಿತ್ತು, ಅಂದರೆ ಎದುರಿನ ತುದಿಯ ಜೊತೆ ಮಾತಾಡಿ ಸ್ಪೀಡ್, ಡ್ಯೂಪ್ಲೆಕ್ಸ್ ತಾನೇ ಆರಿಸಿಕೊಳ್ಳುವ ಮೋಡ್. ಎದುರಿನವರು ಮಾತುಕತೆಗೆ ಬರದಿದ್ದರೆ ಆಟೋ ಪೋರ್ಟ್‌ಗೆ ಸಿಗ್ನಲ್ ನೋಡಿ ಸ್ಪೀಡ್ ಗೊತ್ತಾಗುತ್ತದೆ, ಡ್ಯೂಪ್ಲೆಕ್ಸ್ ಗೊತ್ತಾಗುವುದಿಲ್ಲ. ಆಗ ಅದು ಹಾಫ್‌ಗೆ ಇಳಿಯುತ್ತದೆ. ಈಥರ್ನೆಟ್ ನಿಯಮವೇ ಹಾಗಿದೆ. ಫುಲ್ ಇರುವ ತುದಿ ಯಾವಾಗ ಬೇಕಾದರೂ ಕಳಿಸುತ್ತದೆ, ಹಾಫ್ ಇರುವ ತುದಿ ಅದನ್ನು ಡಿಕ್ಕಿ ಅಂದುಕೊಂಡು ಫ್ರೇಮ್ (ಡೇಟಾದ ತುಂಡು) ಬಿಸಾಡುತ್ತದೆ. ಪಿಂಗ್‌ನಂಥ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು ಆರಾಮಾಗಿ ದಾಟುತ್ತವೆ. ದೊಡ್ಡ ಫೈಲ್ ಕಳಿಸಿದಾಗಲೇ ಎಲ್ಲ ಕುಸಿಯುವುದು. ಗ್ರಾಫ್ ತಳದಲ್ಲಿದ್ದದ್ದು ಕೆಲಸ ಇಲ್ಲದೆ ಅಲ್ಲ, ಡೇಟಾ ಹೋಗಲಾರದೆ.

ನನಗೆ ಈಗಲೂ ಸಂಕಟ ಆಗುವುದು ಆ ‘ಮೋಡ್’ ಕಾಲಂ ಬಗ್ಗೆ. ಅದು ತೋರಿಸುತ್ತಿದ್ದದ್ದು ನಾವು ಸೆಟ್ ಮಾಡಿದ ಮೋಡ್. ಪೋರ್ಟ್ ನಿಜವಾಗಿ ಓಡುತ್ತಿರುವ ಮೋಡ್ ಬೇರೆಯೇ ಇತ್ತು. ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಇವೆರಡರಲ್ಲಿ ಯಾವುದು ಕಾಣುತ್ತಿದೆ? ಇವತ್ತೇ ಒಂದು ಪೋರ್ಟ್ ತೆರೆದು ನೋಡಿ. ಆಪರೇಷನಲ್ ಸ್ಪೀಡ್, ಆಪರೇಷನಲ್ ಡ್ಯೂಪ್ಲೆಕ್ಸ್ ಕಾಲಂಗಳನ್ನು ಮುಖಪುಟಕ್ಕೆ ತನ್ನಿ. ಎಸ್‌ಎನ್‌ಎಂಪಿಯಿಂದ (ನೆಟ್‌ವರ್ಕ್ ಸಾಧನಗಳ ಸ್ಥಿತಿ ಕೇಳಿ ತಿಳಿಯುವ ವಿಧಾನ) ಮಾಹಿತಿ ತರಿಸುತ್ತಿದ್ದರೆ ಈಥರ್‌ಲೈಕ್ ಮಿಬ್ ಅನ್ನುವ ಮಾಹಿತಿ ಪಟ್ಟಿಯಲ್ಲಿ ಡ್ಯೂಪ್ಲೆಕ್ಸ್ ಸ್ಥಿತಿ ಸಂಖ್ಯೆಯಾಗಿ ಸಿಗುತ್ತದೆ: 2 ಬಂದರೆ ಹಾಫ್, 3 ಬಂದರೆ ಫುಲ್. 2 ಕಂಡ ತಕ್ಷಣ ಅಲರ್ಟ್ ಬರುವ ಹಾಗೆ ಮಾಡಿ. ಜೊತೆಗೆ ಸಿಆರ್‌ಸಿ ಎರರ್ (ಕೆಟ್ಟು ಬಂದ ಫ್ರೇಮ್‌ಗಳ ಲೆಕ್ಕ), ಲೇಟ್ ಕೊಲಿಷನ್ ಎರಡಕ್ಕೂ ಗ್ರಾಫ್ ಹಾಕಿ. ಹಾಫ್ ಇರುವ ಕಡೆ ಲೇಟ್ ಕೊಲಿಷನ್ ಏರುತ್ತದೆ, ಫುಲ್ ಇರುವ ಕಡೆ ಸಿಆರ್‌ಸಿ ಎರರ್ ಏರುತ್ತದೆ. ಹಾಗಾಗಿ ಎರಡೂ ತುದಿ ನೋಡಲೇಬೇಕು. ಒಟ್ಟು ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಅದು ಹಳೆಯದೂ ಇರಬಹುದು. ಈಗ ಏರುತ್ತಿದೆಯಾ ಅನ್ನುವುದೇ ಮುಖ್ಯ.

ಟ್ರಾಫಿಕ್ ಗ್ರಾಫ್ ಬಗ್ಗೆಯೂ ಒಂದು ಮಾತು. 32 ಬಿಟ್‌ನ ಬೈಟ್ ಕೌಂಟರ್ 1 ಗಿಗಾಬಿಟ್ ಲಿಂಕ್ ತುಂಬಿ ಹರಿದರೆ ಸುಮಾರು 34 ಸೆಕೆಂಡಿಗೆ ಸುತ್ತು ಹೊಡೆದು ಸೊನ್ನೆಗೆ ಬರುತ್ತದೆ. 5 ನಿಮಿಷಕ್ಕೊಮ್ಮೆ ಓದಿದರೆ ಸುಳ್ಳು ಲೆಕ್ಕವೇ ಸಿಗುತ್ತದೆ. 64 ಬಿಟ್ ಕೌಂಟರ್ ಬಳಸಿ.

ಸರಿಪಡಿಸುವಾಗ ಸ್ವಿಚ್ ಕಡೆಯನ್ನೂ 100 ಫುಲ್‌ಗೆ ಕಟ್ಟಿ ಮುಗಿಸಿಬಿಡೋಣ ಅನ್ನಿಸುತ್ತದೆ. ಬೇಡ. ನಾಳೆ ಸರ್ವರ್ ಬದಲಾದರೆ ಅದೇ ತೊಂದರೆ ತಿರುಗಿ ಬರುತ್ತದೆ. ನಾನು ಸರ್ವರ್ ಕಾರ್ಡನ್ನೇ ಆಟೋಗೆ ಹಾಕಿದೆ. ಪೋರ್ಟ್ ಒಮ್ಮೆ ಆರಿ ಹತ್ತಿತು, 1000 ಫುಲ್ ಬಂತು. ನೀವು ದೂರದಿಂದ ಕೂತು ಇದನ್ನು ಮಾಡುವುದಾದರೆ, ನಿಮ್ಮ ಸಂಪರ್ಕವೇ ಆ ಪೋರ್ಟ್ ಮೂಲಕ ಹಾದುಹೋಗುತ್ತಿಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ.